ಹೊಸ್ತಿಲು ದಾಟದ ಮೊಬೈಲು

ನಮ್ಮ ಮನೆಯಲ್ಲೊಂದು ಮೊಬೈಲು ಇದೆ. ಅದು ಎಲ್ಲಿಗೂ ಹೋಗುವುದಿಲ್ಲ. ನಡುಮನೆಯ ಗೋಡೆಯ ಗೂಡಿನಲ್ಲಿ, ಚಾರ್ಜರಿಗೆ ಕಟ್ಟಿಸಿಕೊಂಡು, ಅವ್ವ ಹೆಣೆದ ಕ್ರೋಶಾ ಬಟ್ಟೆಯನ್ನು ಹೊದ್ದು ಕೂತಿರುತ್ತದೆ. ಬಂದವರು ನೋಡಿ ನಗುತ್ತಾರೆ. ತಿರುಗಾಡುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ದನದಂತೆ ಕಟ್ಟಿಹಾಕಿದವನು ನಾನೇ. ಯಾಕೆಂದು ಕೇಳಿದರೆ ನಮ್ಮ ಗಂಗಾ ಆತ್ಯಾನ ಕಥೆಯನ್ನೇ ಹೇಳಬೇಕಾಗುತ್ತದೆ.

ಗಂಗಾ ಆತ್ಯಾ ನನ್ನ ಸೋದರತ್ತೆ. ಅಕ್ಕಲಕೋಟದ ಒಂದು ಒಕ್ಕಲು ಮನೆತನಕ್ಕೆ ಆಕೆಯನ್ನು ಕೊಟ್ಟಿದ್ದೇವೆ. ಕೊಟ್ಟದ್ದು ನನ್ನಜ್ಜ, ನಾನಾಗ ಹುಟ್ಟಿರಲೇ ಇಲ್ಲ. ಆದರೂ ಹೆಣ್ಣು ಕೊಟ್ಟ ಮಾತು ಬಂದರೆ ಮನೆಯ ಪ್ರತಿಯೊಬ್ಬರೂ ಖುದ್ದಾಗಿ ನಿಂತು ಕೊಟ್ಟವರಂತೆ ಮಾತಾಡುವುದು ನಮ್ಮಲ್ಲಿ ರೂಢಿ. ಗುರುವಾರ ಬೆಳಿಗ್ಗೆ ಆತ್ಯಾನ ಫೋನು ತಪ್ಪುತ್ತಿರಲಿಲ್ಲ. ಅದು ಬರುತ್ತಿದ್ದುದು ಮನೆಯ ಫೋನಿಗೆ ಮಾತ್ರ. ಮೊಬೈಲಿಗೆ ಮಾಡುವುದೆಂದರೆ ಯಾರ ಮೊಬೈಲಿಗೆ ಎಂದು ಮೊದಲೇ ನಿರ್ಧರಿಸಬೇಕಲ್ಲ! ನಮ್ಮವ್ವನಿಗೆ ಮಾಡಿದರೆ ಸೊಸೆಯನ್ನು ಮರೆತಂತೆ, ಸೊಸೆಗೆ ಮಾಡಿದರೆ ವೈನಿಯನ್ನು, ಎಂದರೆ ಅತ್ತಿಗೆಯನ್ನು, ಕಡೆಗಣಿಸಿದಂತೆ. ಮನೆಯ ಫೋನಿಗೆ ಈ ತಂಟೆಯಿಲ್ಲ. ಅದು ನೇರವಾಗಿ ತವರಿಗೆ ಮಾಡಿದ್ದು.

ಹಾಗೆ ಬಂದ ಕರೆ ಕಾರ್ಡ್‌ಲೆಸ್ಸಿನಲ್ಲಿ ಮನೆಯನ್ನೆಲ್ಲ ಸುತ್ತುತ್ತಿತ್ತು. ಮೊದಲು ಅಂಗಳದಲ್ಲಿ ಕೂತ ಅವ್ವ, ಆಮೇಲೆ ಅರ್ಧ ದಾಡಿ ಮಾಡಿಕೊಂಡ ನಾನು, ಕೊನೆಗೆ ಅಡಿಗೆಮನೆಯಲ್ಲಿ ಭುಜಕ್ಕೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು ರೊಟ್ಟಿ ಬಡಿಯುವ ನನ್ನ ಹೆಂಡತಿ ಸುಮಂಗಲಾ. ಆತ್ಯಾ ಅಕ್ಕಲಕೋಟದಲ್ಲಿ ಕೂತಲ್ಲಿಂದಲೇ ತವರಿನಲ್ಲಿ ಓಡಾಡಿ, ಎಲ್ಲರನ್ನೂ ವಿಚಾರಿಸಿಕೊಂಡು ಹೋಗುತ್ತಿದ್ದಳು.

ಹೀಗಿರಲು ನಮ್ಮ ಓಣಿಯ ರಸ್ತೆ ಅಗೆದರು. ಫೋನಿನ ತಂತಿ ತುಂಡಾಯಿತು. ದೂರು ಕೊಟ್ಟೆ, ಮತ್ತೆ ಕೊಟ್ಟೆ, ಕೊನೆಗೆ ಬೇಸತ್ತು ಆ ನಂಬರನ್ನೇ ಬಿಟ್ಟುಕೊಟ್ಟೆ. ಸುದ್ದಿ ತಿಳಿದ ಆತ್ಯಾ ನನ್ನ ಮೊಬೈಲಿಗೆ ಮಾಡಿ ಒಂದೇ ಮಾತು ಕೇಳಿದಳು: "ತವರಮನಿ ನಂಬರ್ ಬಂದ್ ಆತೇನೋ ತಮ್ಮಾ?" ಮನೆಯನ್ನೇ ಮಾರಿಬಿಟ್ಟೆವೇನೋ ಎಂಬಂಥ ದನಿ. ಅದು ನನಗೆ ನಾಟಿತು. ಗುರುವಾರದ ಫೋನು ಮತ್ತೆ ಮನೆತುಂಬ ರಿಂಗಣಿಸುವಂತೆ ಮಾಡಿಯೇ ತೀರುತ್ತೇನೆ ಎಂದು ಪಣ ತೊಟ್ಟೆ.

ನನ್ನ ಅಂಗಡಿಗೆ ಮಾಲು ತರಲು ಪುಣೆಗೆ ಹೋದಾಗ ಅಲ್ಲಿನ ಫೋನಿನ ಅಂಗಡಿಯವನೊಬ್ಬ ಹೊಸ ತರಹದ ಕಾರ್ಡ್‌ಲೆಸ್ ತೋರಿಸಿದ. ಬ್ಲೂಟೂತಿನಲ್ಲಿ ಮೊಬೈಲಿನೊಂದಿಗೆ ಜೋಡಿಸಿದರೆ, ಮೊಬೈಲಿಗೆ ಬಂದ ಕರೆಯನ್ನು ಅದು ಎತ್ತಿಕೊಳ್ಳುತ್ತದಂತೆ. ಜೋಡಿಸುವ ಕೆಲಸವೆಂದರೆ ನನ್ನ ಕೈ ಪಳಗಿದ ಕೆಲಸ. ಸೋಲಾಪುರದ ಪೇಟೆಯಲ್ಲಿ ನನ್ನದು ಸೀರೆಯ ಅಂಗಡಿ. ಯಾವ ಸೀರೆಗೆ ಯಾವ ಕುಪ್ಪಸದ ಖಣ ಒಪ್ಪುತ್ತದೆಂದು ಹೇಳುವುದೇ ನನ್ನ ಹೊಟ್ಟೆಪಾಡು. ಅಲ್ಲದೆ ನಮ್ಮೂರಿನಲ್ಲಿ ಗುರುತಿಲ್ಲದವರ ಫೋನು ಮರಾಠಿಯಲ್ಲಿ ಶುರುವಾಗಿ, ಊರು ಯಾವುದೆಂದು ಗೊತ್ತಾದ ಕೂಡಲೇ ಕನ್ನಡಕ್ಕೆ ಇಳಿದು, ದರದ ಮಾತು ಬಂದಾಗ ಎರಡೂ ಕಲೆತು, ಸುಖವಾಗಿ ಮುಗಿಯುತ್ತದೆ. ಎರಡು ಭಾಷೆಗಳು ಇಷ್ಟು ಸಲೀಸಾಗಿ ಒಂದೇ ಬಾಯಲ್ಲಿ ಬಾಳುವ ಊರಿನಲ್ಲಿ ಎರಡು ಫೋನು ಒಂದೇ ಮನೆಯಲ್ಲಿ ಬಾಳಲಾರವೇ?

ಬಾಳಲಿಲ್ಲ. ಒಂದು ಇನ್ನೊಂದನ್ನು ಹುಡುಕುವಾಗ ಇನ್ನೊಂದು ಮಲಗಿರುತ್ತಿತ್ತು. ಜೋಡಿಯಾಯಿತು ಎಂದು ದೀಪ ಹತ್ತುತ್ತಿತ್ತು, ನಾನು ಚಹಾ ಕುಡಿದು ಬರುವುದರೊಳಗೆ ಆರಿರುತ್ತಿತ್ತು. ಸಂಬಂಧ ಕುದುರಿಸುವವನಂತೆ ಗಂಡಿನ ಕಡೆ, ಹೆಣ್ಣಿನ ಕಡೆ ಎರಡಕ್ಕೂ ಓಡಾಡಿ, ಪುಸ್ತಿಕೆ ಓದಿ, ಬೈದು, ಅಂತೂ ಒಂದು ಬುಧವಾರ ಎರಡನ್ನೂ ಒಪ್ಪಿಸಿದೆ. ಇನ್ನು ಇದೇ ಮನೆಯ ನಂಬರು ಎಂದು ನಾನು ಹೇಳಿದ್ದರಿಂದ ಮರುದಿನ ಬೆಳಿಗ್ಗೆ ಆತ್ಯಾ ನನ್ನ ಮೊಬೈಲಿಗೆ ಮಾಡಿದಳು. ಇಡೀ ಮನೆ ರಿಂಗಣಿಸಿತು! ಸುಮಂಗಲಾ ಅಡಿಗೆಮನೆಯಲ್ಲಿ ಕಾರ್ಡ್‌ಲೆಸ್ ಎತ್ತಿಕೊಂಡು ಹರಟೆಗೆ ತೊಡಗಿದಳು. ಗೆದ್ದ ಹಮ್ಮಿನಲ್ಲಿ ನಾನು ನನ್ನ ಮೊಬೈಲನ್ನು ಅಂಗಿಯ ಕಿಸೆಗೆ ಹಾಕಿ, ಸ್ಕೂಟರು ಚಾಲೂ ಮಾಡಿ ಅಂಗಡಿಗೆ ಹೊರಟೆ.

ಓಣಿಯ ಮೂಲೆಯಲ್ಲಿ ರಿಕ್ಷಾ ಅಡ್ಡ ಬಂದು ನಿಂತಾಗ ಕಿಸೆಯೊಳಗೆ ಯಾರೋ ಗೊಣಗಿದಂತಾಯಿತು. ತೆಗೆದು ಕಿವಿಗಿಟ್ಟೆ.

"...ನಿನ್ನ ಗಂಡ ಸೀರಿ ಕಳಿಸ್ಯಾನಲ್ಲ ಸುಮಂಗಲಾ, ಅದೇನ್ ಬಣ್ಣವಾ! ಕೊಳತ ಬದನಿಕಾಯಿ ಆಗ್ಯಾದ. ಇಷ್ಟ ದೊಡ್ಡ ದುಕಾನ ಇಟ್ಟಾನ, ಕಣ್ಣ ಎಲ್ಲಿ ಇಟ್ಟಾನೋ ಏನೋ. ಅವಗ ಮಾತ್ರ ಹೇಳಬ್ಯಾಡವಾ, ಮನಸಿಗಿ ಹಚ್ಚಿಕೋತಾನ."

ಆ ಹಂಗಾಮಿನಲ್ಲಿ ಭರ್ಜರಿಯಾಗಿ ಓಡುತ್ತಿದ್ದ ಬಣ್ಣ ಅದು, ನಾನೇ ಆರಿಸಿದ್ದು. ಬಾಯಿಂದ ತಾನಾಗಿ "ಹೂಂ" ಎಂದು ಬಿದ್ದುಹೋಯಿತು.

"ಯಾಕವ್ವಾ, ನಿನ್ನ ದನಿ ದಪ್ಪ ಆತಲ್ಲ? ನೆಗಡಿ ಆಗ್ಯಾದೇನು?"

"ಆತ್ಯಾ, ನಾ..." ಎಂದೆ. ಆ ಕಡೆ ಫೋನು ಕಟ್ಟಾಯಿತು.

ಆದದ್ದು ಇಷ್ಟೇ. ನನ್ನ ಮೊಬೈಲು ಮನೆಯ ಗಡಿ ದಾಟಿದ ಕೂಡಲೇ ಕಾರ್ಡ್‌ಲೆಸ್ಸಿನ ಕೈಬಿಟ್ಟು, ಮಾತಾಡುತ್ತಿದ್ದ ಆತ್ಯಾನನ್ನೂ ಎತ್ತಿಕೊಂಡು ನನ್ನ ಜೊತೆ ಪೇಟೆಗೆ ಹೊರಟಿತ್ತು. ಅಡಿಗೆಮನೆಯಲ್ಲಿ ಸುಮಂಗಲಾ ಸತ್ತ ಫೋನಿಗೆ ಹಲೋ ಹಲೋ ಎನ್ನುತ್ತಿದ್ದಳು.

ಮುಂದಿನ ಗುರುವಾರ ಫೋನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ನಾವೇ ಮಾಡಿದರೆ ಆತ್ಯಾ "ಎಲ್ಲಾ ಆರಾಮ" ಎಂದು ಇಟ್ಟುಬಿಡುತ್ತಿದ್ದಳು. ಅವ್ವ ಸುಮ್ಮನೆ ಗೂಡಿನ ಹತ್ತಿರ ಹೋಗಿ, ಧೂಳಿಲ್ಲದ ಕಾರ್ಡ್‌ಲೆಸ್ಸನ್ನು ಸೆರಗಿನಿಂದ ಒರೆಸಿ ಬರುತ್ತಿದ್ದಳು. "ನಿಮ್ಮ ಕಿಸೇದಾಗ ಕುಂತು ಯಾರ ಮಾತಾಡ್ತಾರ್ರಿ?" ಎಂದಳು ಸುಮಂಗಲಾ. ಮನೆಗೆ ಆತ್ಯಾನನ್ನು ತಂದುಕೊಡಲು ಹೋಗಿ ಕಳೆದೇಬಿಟ್ಟೆನೇನೋ ಎಂದು ನನಗೆ ನಿಜಕ್ಕೂ ದುಃಖವಾಯಿತು.

ತಡೆಯಲಾರದೆ ಅಕ್ಕಲಕೋಟಕ್ಕೆ ಹೋದೆ. ಆತ್ಯಾ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲ ಬಡಿಸಿದಳು, ಮುಖ ಮಾತ್ರ ನೋಡಲಿಲ್ಲ.

"ಸೀರಿ ಮಾತಾಡಾಕ ಬಂದಿಯೇನು?"

"ಸೀರಿ ಹೋಗ್ಲಿ ಬಿಡು ಆತ್ಯಾ. ಫೋನ್ ಯಾಕ ಮಾಡವಲ್ಲಿ?"

"ನಾ ಮನಿಗಿ ಫೋನ್ ಹಚ್ಚಿದ್ದೆ ತಮ್ಮಾ. ಮನೀನ ಎದ್ದು ಬಾಜಾರಕ್ಕ ಹೋದ್ರ ನಾ ಯಾರ ಕೂಡ ಮಾತಾಡ್ಲಿ?" ಎಂದಳು. ಹೇಳುತ್ತಿದ್ದಂತೆ ಕಣ್ಣು ತುಂಬಿಕೊಂಡಳು, ಹಾಗೆಯೇ ಇನ್ನೊಂದು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.

ತಿರುಗಿ ಬರುವಾಗ ದಾರಿಯಲ್ಲಿ ಕುಂಭಾರಿ ಎಂಬ ಹಳ್ಳಿಯ ಹತ್ತಿರ ಚಹಾ ಕುಡಿಯುತ್ತ ನನಗೆ ಹೊಳೆಯಿತು. ಕಾರ್ಡ್‌ಲೆಸ್ಸಿನದೂ ತಪ್ಪಿಲ್ಲ, ಮೊಬೈಲಿನದೂ ತಪ್ಪಿಲ್ಲ. ಒಂದಕ್ಕೆ ಹೊಸ್ತಿಲೇ ಲೋಕ, ಇನ್ನೊಂದಕ್ಕೆ ಹೊಸ್ತಿಲು ದಾಟಿದ ಮೇಲೆಯೇ ಲೋಕ. ಕೂಡಿ ಬಾಳಬೇಕಾದರೆ ಎರಡರಲ್ಲೊಂದು ತನ್ನ ಹುಟ್ಟುಗುಣ ಬಿಡಬೇಕು. ಊರಿಗೆ ಬಂದವನೇ ಒಂದು ಅಗ್ಗದ ಮೊಬೈಲು, ಹೊಸ ನಂಬರು ಕೊಂಡೆ, ಗೂಡಿನಲ್ಲಿಟ್ಟು ಕಾರ್ಡ್‌ಲೆಸ್ಸಿಗೆ ಜೋಡಿಸಿದೆ. ಅದನ್ನು ಯಾರೂ ಹೊರಗೆ ಒಯ್ಯಕೂಡದೆಂದು ಮನೆಯಲ್ಲಿ ಕಾಯಿದೆ ಮಾಡಿದೆ. ಬೇರೆ ಕೆಲಸವಿಲ್ಲದ ಆ ಮೊಬೈಲಿನ ಗಮನವೆಲ್ಲ ಕಾರ್ಡ್‌ಲೆಸ್ಸಿನ ಮೇಲೆಯೇ ಇರುವುದರಿಂದಲೋ ಏನೋ, ಆಮೇಲೆ ಅವೆರಡೂ ಜಗಳವಾಡಿಲ್ಲ. ಆತ್ಯಾನ ಮೊಮ್ಮಗಳು ಅಜ್ಜಿಯ ಫೋನಿನಲ್ಲಿ ಆ ನಂಬರಿಗೆ 'ತವರಮನಿ' ಎಂದು ಹೆಸರು ಹಾಕಿಕೊಟ್ಟಳಂತೆ.

ಗುರುವಾರ ಫೋನು ರಿಂಗಣಿಸಿತು. ಸುಮಂಗಲಾ ಹತ್ತಿರವೇ ಇದ್ದರೂ ಎತ್ತಲಿಲ್ಲ, ಅವ್ವ ಅಂಗಳದಿಂದ ಬರುವ ತನಕ ಕಾದಳು. ಅವ್ವನಾದ ಮೇಲೆ ನನ್ನ ಪಾಳಿ.

"ಸೀರಿ ಉಟ್ಟೀನಿ ತಮ್ಮಾ. ಭಾಳ ಚಂದ ಅದ. ಸುಮಂಗಲಾಗ ಕೊಡು."

ಕೊಟ್ಟೆ. ಸುಮಂಗಲಾ ಗೋಡೆಯ ಕಡೆ ಮುಖ ಮಾಡಿ ಕೇಳಿದಳು, ಕಿಸಕ್ಕನೆ ನಕ್ಕಳು, ತಿರುಗಿ ನನ್ನನ್ನೊಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಫೋನಿಗೆ ಮೆಲ್ಲಗೆ ಹೇಳಿದಳು: "ಇಲ್ರಿ ಆತ್ಯಾ, ಇಲ್ಲೇ ನಿಂತಾರ್ರಿ. ತಡೀರಿ, ಹೋಗ್ಲಿ."

ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಓಣಿಯ ಮೂಲೆಯಲ್ಲಿ ಸ್ಕೂಟರು ನಿಲ್ಲಿಸಿ ಕಿಸೆ ಮುಟ್ಟಿ ನೋಡಿಕೊಂಡೆ, ಸುಮ್ಮನಿತ್ತು. ಮನೆಯಲ್ಲಿ ನನ್ನ ಬಗ್ಗೆ ಮಾತು ನಡೆದಿತ್ತು. ನಾನು ನೆಮ್ಮದಿಯಿಂದ ಅಂಗಡಿಗೆ ಹೋದೆ.