ಕೆಂಪು ನೀರು ತಂದ ಹುಲುಗಪ್ಪ

ಲಸ್ಕರ್ ಹುಲುಗಪ್ಪ ಕಾಲುವೆಯ ಏರಿಯನ್ನು ನೋಡುತ್ತಿದ್ದುದು ಅಂಗಾಲಿನಿಂದ. ಕಂಪ್ಲಿ ಕಡೆಯ ನಮ್ಮ ಪಾಲಿನ ಕಾಲುವೆಯ ಏರಿಯ ಮೇಲೆ ಬೆಳಿಗ್ಗೆ ಒಮ್ಮೆ, ಹೊತ್ತು ಇಳಿಯುವಾಗ ಒಮ್ಮೆ ನಡೆದು ಕಾಯುವುದು ಅವನ ನೌಕರಿ. ಬರಿಗಾಲಲ್ಲಿ ಹೋಗುತ್ತ ಥಟ್ಟನೆ ನಿಂತು, ಒಂದು ಪಾದವನ್ನು ಮಣ್ಣಿಗೆ ಒತ್ತಿ, ಜ್ವರ ಬಂದ ಎಮ್ಮೆಯ ಮೈ ಮುಟ್ಟಿ ನೋಡುವವನಂತೆ ತಲೆ ವಾರೆ ಮಾಡುತ್ತಿದ್ದ. ಸರಕಾರ ಕೊಟ್ಟ ಗಮ್‌ಬೂಟುಗಳಲ್ಲಿ ಅವನ ಹೆಂಡತಿ ಕೋಳಿಮೊಟ್ಟೆ ಇಡುತ್ತಿದ್ದಳು.

ನಾನು ಅಲ್ಲಿಯ ನೀರಾವರಿ ಆಫೀಸಿಗೆ ಗುಮಾಸ್ತನಾಗಿ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ. ಹೆದರಿಕೆ ನನಗೆ ಹುಟ್ಟಿನಿಂದಲೇ ಬಂದದ್ದು. ಬೇಸಿಗೆಯಲ್ಲೂ ಕೊಡೆ ಒಯ್ಯುತ್ತಿದ್ದೆ. ಕ್ವಾರ್ಟರ್ಸಿಗೆ ಬೀಗ ಹಾಕಿ, ಅರ್ಧ ದಾರಿಯಿಂದ ಮರಳಿ ಬಂದು ಅದನ್ನು ಜಗ್ಗಿ ನೋಡುತ್ತಿದ್ದೆ. ಅಂಥವನನ್ನು ಹದಿನೈದು ಅಡಿ ನೀರು ತಡೆದು ನಿಂತ ಮಣ್ಣಿನ ಗೋಡೆಯ ಕೆಳಗೆ ಕೂಡಿಸಿದವರು ಯಾರೇ ಇರಲಿ, ತಮಾಷೆಯ ಮನುಷ್ಯರೇ ಇರಬೇಕು.

ಮೊದಲ ವಾರವೇ ಏರಿಯ ಹೊರಮೈಯಲ್ಲಿ ಒಸರು ಕಂಡು ನಾನು ಹೆಚ್ಚುಕಡಿಮೆ ಓಡಿದ್ದೆ. ಹುಲುಗಪ್ಪ ಕುಕ್ಕರುಗಾಲಲ್ಲಿ ಕುಳಿತು, ಆ ನೀರನ್ನು ಬೊಗಸೆಯಲ್ಲಿ ಹಿಡಿದು ತೋರಿಸಿದ.

“ತಿಳಿ ಐತಿ ನೋಡ್ರಿ ಸರ. ಏರಿ ಬೆವರಾಕ ಹತ್ತೈತಿ, ಬೆವರಲಿ. ಕೆಂಪು ಬಂತಂದ್ರ ಒಳಗ ಮಣ್ಣು ಕರಗಾಕ ಹತ್ತೈತಿ ಅಂತ ತಿಳೀರಿ. ಆಮ್ಯಾಗ ಏರಿ ಅನ್ನೋದು ಬರೇ ಹೆಸರಿಗೆ.”

ಅದಾದ ಮೇಲೆ ಒಂದು ತಿಂಗಳು ನಾನು ಚಹಾವನ್ನೂ ಬಣ್ಣ ನೋಡಿಯೇ ಕುಡಿದೆ.

ನಡಿಗೆಗೆ ಮುಂಚೆ ಅವನು ಹುಲಿಗಿಯ ದಿಕ್ಕಿಗೆ ತಿರುಗಿ ಅಲ್ಲಿಯ ದೇವಿ ಅವ್ವನಿಗೆ ಕೈಮುಗಿಯುತ್ತಿದ್ದ. ಏರಿ ಒಡೆಯದಿರಲಿ ಎಂದು ಬೇಡಿಕೊಳ್ಳುತ್ತೀಯಾ ಎಂದು ಕೇಳಿದ್ದೆ. ಇಲ್ಲವೆಂದ. “ಮನಷ್ಯಾ ಕಟ್ಟಿದ್ದು ಒಂದಿನ ಹೋಗೋದ ಸರ. ಹೇಳಿ ಹೋಗಲಿ ಅಂತ ಕೇಳ್ತೀನಿ, ಅಷ್ಟ.”

ಹದಿನೆಂಟು ವರ್ಷದಿಂದ ಅವನು ದಿನಗೂಲಿ. ಕಾಯಂ ಮಾಡುವ ಫೈಲು ಎಲ್ಲೋ ಮಲಗಿತ್ತು. ಅದನ್ನು ಎಬ್ಬಿಸಬಲ್ಲವರು ಒಬ್ಬರೇ: ಕಾಲುವೆಯ ಕೆಳಗೆ ಹಳ್ಳದ ಎರಡೂ ದಂಡೆಗೆ ಭತ್ತ ಬೆಳೆಯುತ್ತಿದ್ದ ರೈಸ್‌ಮಿಲ್ಲಿನ ಸಾಹುಕಾರರು. ದೊಡ್ಡವರ ನೆರಳಿಲ್ಲದೆ ಬದುಕುವುದು ಹೇಗೆಂದು ಗೊತ್ತಿರದ ನಾನೇ ಹುಲುಗಪ್ಪನನ್ನು ಎಳೆದುಕೊಂಡು ಹೋದೆ. ಸಾಹುಕಾರರು ಅವನ ಬೆನ್ನು ಚಪ್ಪರಿಸಿ, ನಾನಿರುವಾಗ ನಿನಗೇನು ಚಿಂತೆ ಎಂದರು. ನನಗೆ ನನ್ನ ಕೆಲಸವೇ ಇನ್ನೊಮ್ಮೆ ಕಾಯಂ ಆದಷ್ಟು ಸಂತೋಷ. ದಾರಿಯಲ್ಲಿ ಹುಲುಗಪ್ಪ ಹೇಳಿದ: “ಸಾವ್ಕಾರ್ರು ಭಾಳ ಒಳ್ಳೇವ್ರು ಸರ. ಪಾಪ, ಅವರಿಗೂ ಬಿ.ಪಿ. ಐತಂತ.”

ಆ ವರ್ಷ ದೀಪಾವಳಿ ಕಳೆದ ಮೇಲೆ, ಭತ್ತ ಕೊಯ್ಲಿಗೆ ಬಂದಾಗ, ಸೈಕ್ಲೋನಿನ ಮಳೆ ಹಿಡಿಯಿತು. ಮಳೆ ಬಂದರೆ ರೈತರಿಗೆ ಕಾಲುವೆಯ ನೀರು ಬೇಡ. ಎಲ್ಲರೂ ತಮ್ಮ ತಮ್ಮ ತೂಬು ಮುಚ್ಚಿದರು. ಹೋಗಲು ದಾರಿಯಿಲ್ಲದ ನೀರು ಮೂರು ದಿನ ಏರಿತು. ಏರಿಯ ತಲೆಗೆ ಒಂದು ಮೊಳವಷ್ಟೇ ಉಳಿದಿತ್ತು. ಬುಡದಲ್ಲಿ ಚೋರನೂರಿನ ಕಡೆಯಿಂದ ಕೊಯ್ಲಿಗೆ ಬಂದವರ ಗುಡಿಸಲುಗಳು. ಒಳಗೆ ಒಲೆ ಹೊಗೆಯಾಡುತ್ತಿತ್ತು, ಮಕ್ಕಳು ಅಳುತ್ತಿದ್ದವು. ಆಫೀಸಿನ ಫೋನು ಸತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಹುಲುಗಪ್ಪ ತೊಯ್ದು ತೊಪ್ಪೆಯಾಗಿ ಒಳಗೆ ಬಂದು, ನನ್ನ ರಿಜಿಸ್ಟರಿನ ಮೇಲೆ ಮುಷ್ಟಿ ಬಿಚ್ಚಿದ. ಹಾಳೆಯ ಮೇಲೆ ಕೆಂಪು ನೀರು ಹರಡಿತು.

ಉಪಾಯ ಒಂದೇ. ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವ ಎಸ್ಕೇಪ್ ಗೇಟು ತೆರೆಯಬೇಕು. ತೆರೆದರೆ ಸಾಹುಕಾರರ ಭತ್ತ ಮುಳುಗುತ್ತದೆ. ಗೇಟಿನ ಕೀಲಿ ನನ್ನ ಡ್ರಾಯರಿನಲ್ಲಿ. ತೆರೆಯಲು ಲಿಖಿತ ಆದೇಶ ಕೊಡಬೇಕಾದ ಇಂಜಿನಿಯರ್ ಸಾಹೇಬರು ಹೊಸಪೇಟೆಯಲ್ಲಿ. ಅಷ್ಟರಲ್ಲಿ ಸಾಹುಕಾರರೇ ಜೀಪಿನಲ್ಲಿ ಬಂದರು. ನೂರು ಆಳು, ಎರಡು ಟ್ರ್ಯಾಕ್ಟರು ಮರಳಿನ ಚೀಲ ತರುತ್ತೇನೆ, ಏರಿಯನ್ನು ನಾನು ನಿಲ್ಲಿಸುತ್ತೇನೆ, ಗೇಟು ಮಾತ್ರ ಮುಟ್ಟಬೇಡಿ ಎಂದರು. ಹೊರಡುವಾಗ ಹುಲುಗಪ್ಪನ ಕಡೆ ತಿರುಗಿ, “ನಿನ್ನ ಫೈಲು ನನ್ನ ಕೈಯಾಗೈತಿ, ನೆನಪಿರಲಿ ಲೇ” ಎಂದರು.

ಜೀಪು ಹೋಯಿತು. ಹುಲುಗಪ್ಪ ಕೈ ಚಾಚಿದ.

“ನೂರಾಳು ಬರೂತನಾ ಅದು ತಡಿಯಂಗಿಲ್ಲ ಸರ. ಕೀಲಿ ಕೊಡ್ರಿ.”

“ನೌಕರಿ ಹೋಗ್ತತಿ ನಿಂದು.”

“ಅನ್ನ ಹಾಕಾಕಿ ಅವ್ವ. ಸಾವ್ಕಾರ್ರು ಅಲ್ಲ.”

ನಾನು ಡ್ರಾಯರು ತೆರೆದೆ. ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿ ನಿಂತೆ.

ಅವನ ಹೆಂಡತಿ ಗುಡಿಸಲಿನವರನ್ನು ಮಕ್ಕಳುಮರಿ ಸಮೇತ ಗುಡ್ಡ ಹತ್ತಿಸಿದಳು. ಅವನು ಗೇಟಿನ ಚಕ್ರ ತಿರುಗಿಸಿದ. ದೀಪ ಹಚ್ಚುವ ಹೊತ್ತಿಗೆ ಕಾಲುವೆ ಎರಡಡಿ ಇಳಿದಿತ್ತು. ಒಂದು ಕಡೆ ಏರಿಯ ಮಣ್ಣು ಜಾರಿ, ಬಾಯಿ ತೆರೆದಂತಾಗಿ, ಹಾಗೆಯೇ ನಿಂತಿತು. ಸಾಹುಕಾರರ ಭತ್ತ ತೆನೆಯವರೆಗೆ ನೀರಿನಲ್ಲಿತ್ತು.

ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ವಿಚಾರಣೆಗೆ ಬಂದವರು ಬಂದದ್ದು ಚಂದದ ಬಿಸಿಲಿನ ದಿನ. ಅಷ್ಟರಲ್ಲಿ ಜಾರಿದ ಜಾಗಕ್ಕೆ ಸಾಹುಕಾರರ ಚೀಲಗಳು ಬಿದ್ದಿದ್ದವು. ಕೋಲಿನಿಂದ ಕುಟ್ಟಿ ನೋಡಿ, ಏರಿ ಗಟ್ಟಿಯಾಗಿದೆಯಲ್ಲ, ಗೇಟು ತೆರೆದದ್ದೇಕೆ, ಕೀಲಿ ಕೊಟ್ಟವರು ಯಾರು ಎಂದು ಕೇಳಿದರು. ನಾನು ಬರೆದೆ: ಕೀಲಿಯನ್ನು ನನ್ನ ಗಮನಕ್ಕೆ ಬಾರದಂತೆ ಮೇಜಿನ ಮೇಲಿನಿಂದ ತೆಗೆದುಕೊಂಡು ಹೋಗಲಾಗಿದೆ. ಕಿಟಕಿಯ ಕಡೆ ತಿರುಗಿದ್ದೆನಲ್ಲ, ಅಷ್ಟರ ಮಟ್ಟಿಗೆ ಸತ್ಯವೇ. ಹುಲುಗಪ್ಪ ಅದರ ಕೆಳಗೆ ಹೆಬ್ಬೆಟ್ಟು ಒತ್ತಲು ಬಂದ. ಏನು ಬರೆದಿದ್ದೀರಿ ಎಂದು ಕೇಳಿದ. ಇದ್ದದ್ದು ಎಂದೆ. ಒತ್ತಿದ. ಮರುದಿನದಿಂದ ಮಸ್ಟರ್ ರೋಲಿನಲ್ಲಿ ಅವನ ಹೆಸರಿರಲಿಲ್ಲ. ಹೊಸ ಲಸ್ಕರ್ ಬಂದ. ಗಮ್‌ಬೂಟು ಹಾಕಿಕೊಂಡೇ ನಡೆಯುತ್ತಿದ್ದ. ಮುಂದಿನ ಮಳೆಗಾಲಗಳಲ್ಲಿ ನಾನು ನಿದ್ದೆ ಮಾಡಿದ್ದು ಕಡಿಮೆ.

ಹತ್ತು ವರ್ಷದ ಮೇಲೆ ಅವನನ್ನು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಹಂಪಿಯಲ್ಲಿ ಯಾರದೋ ಬಾಳೆತೋಟ ಕಾಯುತ್ತಿದ್ದನಂತೆ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನ ಹೊಟ್ಟೆ ನೋಡಿ, “ಚೊಲೋ ಆಗೀರಿ ಸರ” ಎಂದ. ಮಕ್ಕಳ ಸಮಾಚಾರ ಕೇಳಿದ. ಬಸ್ಸು ಬರುವುದರೊಳಗೆ ಹೇಳಿಬಿಡಬೇಕೆಂದು, ಅಂದು ಬರೆದದ್ದು ಸುಳ್ಳು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಗೊತ್ತಿತ್ತ್ರಿ,” ಎಂದ. “ಓದಾಕ ಬರಂಗಿಲ್ಲ ಖರೆ. ಆದ್ರ ನನ್ನ ಹೆಬ್ಬಟ್ಟಿಗೆ ಮಸಿ ಹಚ್ಚುವಾಗ ನೀವು ಕಿಟಕಿ ಕಡೆ ನೋಡಾಕ ಹತ್ತಿದ್ರಿ.”

“ಮತ್ತ ನನ್ನ ಮ್ಯಾಲ ಸಿಟ್ಟು ಬರಲಿಲ್ಲೇನು?”

“ನಿಮ್ಮನ್ನ ನಂಬಿದ್ರ ಬರ್ತಿತ್ತು ಸರ.”

ಚುಚ್ಚಲು ಹೇಳಿದ್ದಲ್ಲ, ಕಾಲುವೆಯಲ್ಲಿ ಎಷ್ಟು ನೀರಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ. ಹಂಪಿಯ ಬಸ್ಸು ಬಂತು. ನನ್ನ ಭುಜ ಮುಟ್ಟಿ ಹತ್ತಿಕೊಂಡ. ಅದೇ ಕೊನೆ. ನಾನು ನಂಬಿದವರ ಹೆಸರುಗಳನ್ನು ಅಲ್ಲಿಯೇ ನಿಂತು ನೆನಪಿಸಿಕೊಳ್ಳಲು ಹೋದೆ. ಸಾಹುಕಾರರು ತೀರಿಕೊಂಡಿದ್ದರು. ಸಾಹೇಬರು ವರ್ಗವಾಗಿ ಹೋಗಿದ್ದರು. ಬಸ್ಸು ತಿರುವಿನಲ್ಲಿ ಮರೆಯಾದರೂ ಮೂರನೆಯ ಹೆಸರು ಬಾಯಿಗೆ ಬರಲಿಲ್ಲ.