ಉತ್ತರಕ್ಕೆ ತಲೆಯಿಟ್ಟ ಮಂಚ

ನಮ್ಮ ಅತ್ತೆಗೆ ಲಕ್ವ ಹೊಡೆದಾಗ ಯಲಬುರ್ಗಾದಿಂದ ಕೊಪ್ಪಳದ ಆಸ್ಪತ್ರೆಗೆ ಕರೆತಂದೆವು. ಮಾತು ಪೂರ್ತಿ ನಿಂತಿತ್ತು. ಜೀವ ಇದೆಯಲ್ಲ, ಅದೇ ಹುಲಿಗಿಯ ದೇವಿತಾಯಿ ಮಾಡಿದ ಉಪಕಾರ ಎಂದುಕೊಂಡೆ. ಹೆಂಗಸರ ವಾರ್ಡಿನಲ್ಲಿ ಮಂಚ ಸಿಕ್ಕಿತು, ಅದೂ ಒಂದು ಉಪಕಾರ. ಆದರೆ ಆ ಮಂಚ ಅಂದು ಬೆಳಿಗ್ಗೆಯಷ್ಟೇ ಖಾಲಿಯಾಗಿತ್ತು. ಯಾಕೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹಿಂದಿನ ಗೋಡೆಯ ಮೇಲೆ, ಯಾರೋ ಬಹಳ ದಿನ ತಲೆ ಒರಗಿಸಿ ಕೂತ ಹಾಗೆ, ಎಣ್ಣೆಯ ಗುರುತೊಂದು ದುಂಡಗೆ ಉಳಿದಿತ್ತು.

ಮರುದಿನ ಕಿಟಕಿಯಲ್ಲಿ ಬಿಸಿಲು ಬಂದಾಗ ನನಗೆ ದಿಕ್ಕು ತಿಳಿಯಿತು. ಆ ಸಾಲಿನ ಆರೂ ಮಂಚಗಳ ತಲೆ ಉತ್ತರಕ್ಕಿತ್ತು. ನಮ್ಮ ಮನೆಯಲ್ಲಿ ಕೂಸನ್ನು ಸಹ ಹಾಗೆ ಮಲಗಿಸುವುದಿಲ್ಲ. ಅದು ಜೀವ ಹೋದವರ ದಿಕ್ಕು.

ಪಕ್ಕದ ಮಂಚದ ಅಜ್ಜಿಯನ್ನು ನೋಡಿಕೊಳ್ಳಲು ಕುಷ್ಟಗಿಯ ಹೆಂಗಸೊಬ್ಬಳು ಬಂದಿದ್ದಳು. ಅವಳಿಗೆ ತೋರಿಸಿದೆ.

"ಹೌದ ನೋಡ ತಂಗಿ, ದವಾಖಾನಿಯವ್ರು ಮೊದಲ ತಯಾರಿ ಮಾಡಿ ಇಟ್ಟಾರ," ಎಂದಳು.

ಇಬ್ಬರೂ ನಕ್ಕೆವು. ನಕ್ಕ ಮೇಲೆ ನಾನು ಅತ್ತೆಯ ಎದೆ ಏರಿಳಿಯುತ್ತಿದೆಯೇ ಎಂದು ನೋಡಿದೆ.

ಮಧ್ಯಾಹ್ನ ಸಿಸ್ಟರ್ ಬಂದು, ಹಿಡಿಕೆ ತಿರುವಿ ಮಂಚದ ತಲೆಭಾಗ ಎತ್ತರಿಸಿ, ಅತ್ತೆಯ ಮೂಗಿನ ನಳಿಕೆಯಲ್ಲಿ ಹಾಲು ಹಾಕಿದರು. "ಒಂದ್ ತಾಸು ಹಿಂಗ ಇರಲಿ ಅಕ್ಕಾರ, ಇಳಸಬ್ಯಾಡ್ರಿ," ಎಂದು ಹೇಳಿ, ಕಾಲ ಬಳಿ ತೂಗುಹಾಕಿದ ಹಾಳೆಯಲ್ಲೂ ಬರೆದರು. ಯಾವ ಹೊತ್ತಿಗೆ ಅತ್ತೆಗೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿತ್ತು. ಡ್ಯೂಟಿ ಬದಲಾದಾಗಲೆಲ್ಲ ನೋಡಿ ತಿದ್ದುತ್ತಿದ್ದರು.

ಅವರು ಆ ಕಡೆ ಹೋದರು. ಅತ್ತೆ ರೆಪ್ಪೆ ಬಡಿಯದೆ ಮೇಲಿನ ಮೂಲೆಯೊಂದನ್ನೇ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಹಿಡಿಕೆ ತಿರುವಿ ಮಂಚ ಇಳಿಸಿದೆ. ಕುಷ್ಟಗಿಯಾಕೆ ಕಾಲು ಹಿಡಿದಳು, ನಾನು ಹೆಗಲು ಹಿಡಿದೆ. ತಲೆ ದಕ್ಷಿಣಕ್ಕೆ ಬರುವಂತೆ ಅತ್ತೆಯನ್ನು ತಿರುಗಿಸಿ ಮಲಗಿಸಿ, ಕಿವಿಯತನಕ ಹೊದಿಸಿದೆವು.

ಸ್ವಲ್ಪ ಹೊತ್ತಿಗೆ ಆ ಸದ್ದು ಶುರುವಾಯಿತು. ಬಾವಿಗಿಳಿದ ಕೊಡ ತುಂಬುವಾಗಿನ ಗುಳುಗುಳು ಸದ್ದು. ಅತ್ತೆಯ ಬಾಯಿ ಅಲುಗುತ್ತಿರಲಿಲ್ಲ. ಕರೆಂಟು ಹೋಗಿ ಫ್ಯಾನು ನಿಂತಿತ್ತು, ವಾರ್ಡೆಲ್ಲ ಮಂಪರಿನಲ್ಲಿತ್ತು. ಸದ್ದು ಅತ್ತೆಯೊಳಗಿಂದ ಬರುತ್ತಿದೆಯೋ ಮಂಚದೊಳಗಿಂದಲೋ ತಿಳಿಯಲಿಲ್ಲ.

"ಈ ಮಂಚದಾಗ ಹೋದಾಕಿ ಇರಬೇಕವ್ವ," ಎಂದು ಪಿಸುಗುಟ್ಟಿ ಕುಷ್ಟಗಿಯಾಕೆ ತನ್ನ ಅಜ್ಜಿಯ ಕಡೆ ಸರಿದಳು.

ನಾನು ಹುಲಿಗಿಯ ಗುಡಿಯಿಂದ ತಂದಿದ್ದ ಭಂಡಾರದ ಅರಿಶಿನವನ್ನು ಅತ್ತೆಯ ಹಣೆಗೆ ಹಚ್ಚಿ, ಅವರ ಕೈ ಹಿಡಿದು, ಕಣ್ಣು ಮುಚ್ಚಿ ತಾಯಿಯನ್ನು ಕರೆಯತೊಡಗಿದೆ. ಬೆರಳೊಂದು ನನ್ನ ಅಂಗೈಯನ್ನು ಗೀರಿತು. ನಾನು ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ.

ಡ್ಯೂಟಿ ಬದಲಾಗುವ ಹೊತ್ತಾಗಿತ್ತು. ಹೋಗುವ ಸಿಸ್ಟರ್, ಬರುವ ಸಿಸ್ಟರ್ ಇಬ್ಬರೂ ಮಂಚದಿಂದ ಮಂಚಕ್ಕೆ ನಡೆದು, ಹಾಳೆ ಓದಿ, ರೋಗಿಯನ್ನು ಕಣ್ಣಾರೆ ನೋಡಿಯೇ ಮುಂದೆ ಹೋಗಬೇಕು, ಅದು ಅವರ ನೇಮ. "ತಲಿ ಎತ್ತರಕ್ಕಿರಬೇಕು," ಎಂದು ಓದಿದ ಹೊಸ ಸಿಸ್ಟರ್ ದಿಂಬಿನ ಕಡೆ ನೋಡಿದರೆ ಅಲ್ಲಿ ಪಾದಗಳಿದ್ದವು. ಕೂಡಲೇ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿದರು, ಕಾಲಲ್ಲಿ ತುಳಿದು ನಡೆಸುವ ಯಂತ್ರದ ನಳಿಕೆ ಬಾಯೊಳಗಿಟ್ಟು, ಹೀರಿ ಗಂಟಲು ತೆರವು ಮಾಡಿದರು. ಬಂದದ್ದು ಹಾಲು. ಅತ್ತೆಯ ತುಟಿ ನೀಲಿಯಾಗಿತ್ತು.

ಅತ್ತೆಯ ಉಸಿರು ಹದಕ್ಕೆ ಬಂದ ಮೇಲೆ ಹೊಸ ಸಿಸ್ಟರ್ ಕೇಳಿದರು, "ಯಾರು ತಿರುಗಿಸಿದ್ರಿ?"

"ನಾನ್ರಿ. ತಲಿ ಉತ್ತರಕ್ಕಿತ್ರಿ."

ಬೈಗುಳಕ್ಕೆ ಕಾದೆ. ಅವರು ಹಣೆಯ ಬೆವರು ಒರೆಸಿಕೊಂಡರು. "ನಮಗ ಹೇಳಿದ್ರ ಮಂಚಾನ ತಿರುಗಸ್ತಿದ್ದಿವಲ್ರಿ ಅಕ್ಕಾರ. ಗಾಲಿ ಅದಾವಲ್ಲ."

ಗಾಲಿಗಳಿದ್ದವು. ನಾನು ನೋಡಿರಲೇ ಇಲ್ಲ. ಆಗಲೇ ಮಂಚ ತಿರುಗಿಸಿದರು. ಹಾಳೆಯನ್ನು ತಿದ್ದಿ ನನಗೆ ಓದಿ ಹೇಳಿದರು: ಮನೆಯವರ ಇಚ್ಛೆಯಂತೆ ತಲೆ ದಕ್ಷಿಣಕ್ಕೆ, ಹಾಲಿನ ನಂತರ ಒಂದು ತಾಸು ತಲೆಭಾಗ ಎತ್ತರ, ಸಿಸ್ಟರನ್ನು ಕರೆಯದೆ ಯಾರೂ ಅಲುಗಿಸಬಾರದು. ಆಮೇಲೆ ಬಂದವರೆಲ್ಲ ಅದನ್ನೇ ಓದಿದರು. ಐದು ಮಂಚ ಒಂದು ದಿಕ್ಕಿಗೆ, ನಮ್ಮದೊಂದೇ ಎದುರು ದಿಕ್ಕಿಗೆ.

ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು, ಇಳಿಯಿತು. ಮನೆಗೆ ಬಂದ ಮೇಲೆ ಮಾತು ತುಣುಕು ತುಣುಕಾಗಿ ಮರಳಿತು. ಒಂದು ದಿನ ನಾನು ಅಕ್ಕಿ ಆರಿಸುತ್ತಿದ್ದಾಗ ಅತ್ತೆ ನನ್ನನ್ನೇ ನೋಡುತ್ತ ಅಂದರು:

"ಅವತ್ತ ನಾ ನಿನ್ನ ಕರೀಲಿಕ್ಕತ್ತಿದ್ನಿ. ನೀ ಕಣ್ಣ ಮುಚ್ಚಿದ್ದಿ."

ಈಗಲೂ ದಿನಾ ಅವರ ಮಂಚದ ಬಳಿ ಕೂತು ತಾಯಿಯನ್ನು ಕರೆಯುತ್ತೇನೆ. ಕಣ್ಣು ಮಾತ್ರ ಮುಚ್ಚುವುದಿಲ್ಲ.