ಕ್ಯಾರಿಸಳ ಮಂಡಿ, ಅತ್ತೆಯ ದಿಂಬು

ಯಾರೂ ಅವಳನ್ನು ಮುಟ್ಟಿರಲಿಲ್ಲ. ಚೆಂಡು ಹಿಂದಿನಿಂದ ಬಂತು, ಕ್ಯಾರಿಸ್ ಎಡಕ್ಕೆ ತಿರುಗಿದಳು, ಕುಸಿದಳು. ಎದ್ದು ಒಂದೆರಡು ಹೆಜ್ಜೆ ಇಡುವಷ್ಟರಲ್ಲಿ ಬಲಗಾಲಿನ ಮಂಡಿ ಪಕ್ಕಕ್ಕೆ ಜಾರಿತು. ಗ್ಯಾಲರಿಯಲ್ಲಿ ಕೂತಿದ್ದ ನನಗೂ ಅದು ಕಾಣಿಸಿತು.

ಎಂಆರ್‌ಐ ಆದ ಮೇಲೆ ಡಾಕ್ಟರ್ ಸುತ್ತಿಬಳಸಲಿಲ್ಲ. "ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಪೂರ್ತಿ ಹರಿದಿದೆ. ಸರ್ಜರಿ ಆಗಬೇಕು. ಈ ಸೀಸನ್ ಮುಗಿಯಿತು."

"ಮುಂದಿನ ಸೀಸನ್?" ಕ್ಯಾರಿಸ್ ಕೇಳಿದಳು.

"ನೋಡೋಣ."

ಕ್ಯಾರಿಸ್ ನನಗೆ ನೆಂಟಳಲ್ಲ. ವೇಲ್ಸ್‌ನ ಹುಡುಗಿ, ಅಲ್ಲಿನ ರಾಷ್ಟ್ರೀಯ ತಂಡದ ಸ್ಟ್ರೈಕರ್, ಗೋಲು ಹೊಡೆಯುವುದೇ ಕೆಲಸ. ನ್ಯೂಜೆರ್ಸಿಯ ಒಂದು ಮಹಿಳಾ ಕ್ಲಬ್ಬಿಗೆ ಆಡಲು ಬಂದಿದ್ದಳು. ಹೆಂಗಸರ ಫುಟ್‌ಬಾಲ್‌ನಲ್ಲಿ ಆಟಗಾರ್ತಿಯರಿಗೆಲ್ಲ ಅಪಾರ್ಟ್‌ಮೆಂಟ್ ಕೊಡಿಸುವ ಭಾಗ್ಯ ಕ್ಲಬ್ಬುಗಳಿಗಿಲ್ಲ. ಸುತ್ತಮುತ್ತಲ ಮನೆಗಳಲ್ಲಿ ಒಂದೊಂದು ರೂಮ್ ಕೇಳುತ್ತಾರೆ. ಮಗಳು ಸಾಕರ್ ಆಡುತ್ತಾಳೆ ಎಂಬ ಒಂದೇ ಅರ್ಹತೆಯ ಮೇಲೆ ವೆಸ್ಟ್ ವಿಂಡ್ಸರ್‌ನ ನಮ್ಮ ಗೆಸ್ಟ್ ರೂಮ್ ಅವಳದಾಯಿತು. ಕೆಲವೇ ವಾರಗಳಲ್ಲಿ ಚಿತ್ರಾನ್ನಕ್ಕೆ ಕೆಚಪ್ ಹಾಕಿಕೊಳ್ಳುವಷ್ಟು ಮನೆಯವಳಾಗಿಬಿಟ್ಟಳು. ಅದೊಂದನ್ನು ನಾನಿನ್ನೂ ಕ್ಷಮಿಸಿಲ್ಲ.

ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ ಮರುವರ್ಷ ಅದು. ಶುಕ್ರವಾರ ಬಂತೆಂದರೆ ಇವತ್ತು ಯಾರ ಮೇಜು ಖಾಲಿಯಾಗುತ್ತದೋ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಕ್ಲಬ್ಬಿನ ಕಥೆಯೂ ಅದೇ. ಸ್ಪಾನ್ಸರ್‌ಗಳು ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು. ವಸಂತದ ಹೊತ್ತಿಗೆ ಓಡುವಂತಾದರೆ ಮಾತ್ರ ಕಾಂಟ್ರ್ಯಾಕ್ಟ್ ಎಂದು ಕೋಚ್ ಹೇಳಿಬಿಟ್ಟಳು. ವೇಲ್ಸ್ ತಂಡದಲ್ಲೂ ಅವಳ ಜಾಗಕ್ಕೆ ಹೊಸ ಹುಡುಗಿಯರು ಕಾಯುತ್ತಿದ್ದರು. ಕ್ಯಾರಿಸಳಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು ಇದೊಂದೇ.

ಸರ್ಜರಿ ಆಯಿತು. ಮನೆಗೆ ಕಳಿಸುವಾಗ ನರ್ಸ್ ನನಗೆ ಹೇಳಿದಳು: ದಿಂಬನ್ನು ಹಿಮ್ಮಡಿಯ ಕೆಳಗಿಡಿ, ಮಂಡಿಯ ಕೆಳಗೆ ಬೇಡ. ಮಂಡಿ ನೆಟ್ಟಗಾಗಬೇಕು. ನೋವಾಗುತ್ತದೆ, ತಡೆದುಕೊಳ್ಳಬೇಕು.

ಆಗ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ನಂಟರಿಷ್ಟರ ಮನೆಗಳಲ್ಲೆಲ್ಲ ಬಾಣಂತನ ಮಾಡಿ ಸೈ ಎನಿಸಿಕೊಂಡವರು. ಆಪರೇಷನ್ ಆದ ಹೆಣ್ಣು ಅವರ ಕಣ್ಣಿಗೆ ಬಾಣಂತಿಯೇ. ಜುಲೈ ಸೆಖೆಯಲ್ಲಿ ಕ್ಯಾರಿಸಳ ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಊಟಕ್ಕೆ ಮೆಣಸಿನ ಸಾರು, ಮೇಲೆ ತುಪ್ಪ. ಎಸಿ ಬಂದ್. "ಅಜ್ಜಿ ಈಸ್ ದಿ ಬಾಸ್," ಎಂದು ಅವಳು ನಗುತ್ತಿದ್ದಳು. ನನಗೂ ನಿಶ್ಚಿಂತೆ. ಆ ದಿನಗಳಲ್ಲಿ ರಜೆ ಕೇಳುವ ಧೈರ್ಯ ಯಾರಿಗಿತ್ತು? ಬೆಳಗಾದರೆ ರೈಲು ಹತ್ತುತ್ತಿದ್ದೆ.

ಎರಡು ವಾರ ಕಳೆದು ಒಂದು ಶನಿವಾರ ನಾನು ಕರೆದುಕೊಂಡು ಹೋದಾಗ ಫಿಸಿಕಲ್ ಥೆರಪಿಸ್ಟ್ ಅವಳನ್ನು ಅಂಗಾತ ಮಲಗಿಸಿ ಮಂಡಿಯ ಕೆಳಗೆ ಕೈ ತೂರಿಸಿದ. ಕೈ ಸಲೀಸಾಗಿ ಆಚೆ ಬಂತು; ಮಂಡಿ ಇನ್ನೂ ಬಾಗಿಯೇ ಇತ್ತು.

"ದಿಂಬು ಎಲ್ಲಿಡುತ್ತಿದ್ದೀರಿ?"

ಕ್ಯಾರಿಸ್ ತಲೆ ತಗ್ಗಿಸಿದಳು.

ಹಿಮ್ಮಡಿಗೆ ನಾನಿಟ್ಟು ಹೋದ ದಿಂಬನ್ನು, ನಾನು ಸ್ಟೇಷನ್ ತಲುಪುವ ಮೊದಲೇ ಅತ್ತೆ ಮಂಡಿಯ ಕೆಳಗೆ ಸೇರಿಸುತ್ತಿದ್ದರು. ಹುಡುಗಿ ಮುಖ ಕಿವುಚುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಅವಳಿಗೂ ಹಾಯೆನಿಸುತ್ತಿತ್ತು, ಅಷ್ಟು ಅಕ್ಕರೆಯಿಂದ ಇಟ್ಟದ್ದನ್ನು ತೆಗೆಯಲು ಸಂಕೋಚ ಬೇರೆ.

"ಹೀಗೇ ಬಿಗಿದುಕೊಂಡರೆ ಇನ್ನೊಂದು ಪ್ರೊಸೀಜರ್ ಮಾಡಬೇಕಾಗುತ್ತದೆ," ಎಂದ ಥೆರಪಿಸ್ಟ್. "ಆಮೇಲೆ ಮೊದಲಿನ ಹಾಗೆ ಓಡುವುದು ಕಷ್ಟ."

ಕಾರಿನಲ್ಲಿ ಅವಳು ಮಂಡಿಯನ್ನು ಕೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತ್ತು. ಅಡುಗೆಮನೆಯಲ್ಲಿ ಅಂದೇಬಿಟ್ಟೆ. "ನಿಮ್ಮ ದಿಂಬಿನಿಂದ ಅವಳ ಕಾಲು ನೆಟ್ಟಗಾಗ್ತಿಲ್ಲ ಅತ್ತೆ. ಆಟ ಹೋದ್ರೆ ಅವಳಿಗೇನಿದೆ?"

ಅತ್ತೆ ಸೌಟು ಕೆಳಗಿಟ್ಟರು. "ನೋಯ್ಲಿ ಅಂತ ಬಿಡಬೇಕು ಅಂತ ನಂಗ್ಯಾರೇ ಹೇಳಿದ್ರು, ಶೈಲಾ?"

ನಿಜ, ಯಾರೂ ಹೇಳಿರಲಿಲ್ಲ. ಇಡೀ ದಿನ ಅವಳ ಜೊತೆ ಇದ್ದವರು ಅವರು. ನರ್ಸ್ ಹೇಳಿದ್ದೆಲ್ಲ ನನ್ನ ತಲೆಯಲ್ಲೇ ಕೂತು ದಿನಾ ರೈಲಿನಲ್ಲಿ ಆಫೀಸಿಗೆ ಹೋಗಿಬರುತ್ತಿತ್ತು.

ಮುಂದಿನ ಸಲ ಥೆರಪಿಗೆ ಅತ್ತೆಯೂ ನಮ್ಮ ಜೊತೆ ಹೊರಟರು, ಸೀರೆಯ ಕೆಳಗೆ ಮೊಮ್ಮಗಳ ಸ್ನೀಕರ್ಸ್ ಹಾಕಿಕೊಂಡು. ಪ್ರತಿಯೊಂದನ್ನೂ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡರು. ಅಲ್ಲಿಂದಾಚೆ ಕ್ಯಾರಿಸಳಿಗೆ ಉಳಿಗಾಲವಿರಲಿಲ್ಲ. ಬೋರಲು ಮಲಗಿಸಿ, ಕಾಲನ್ನು ಮಂಚದಾಚೆ ಇಳಿಬಿಟ್ಟು, ಥೆರಪಿಸ್ಟ್ ಹೇಳಿದ ತೂಕಕ್ಕೆ ಸರಿಯಾಗಿ ತೊಗರಿಬೇಳೆಯ ಪ್ಯಾಕೆಟ್ಟನ್ನು ಅವಳ ಕಣಕಾಲಿಗೆ ಕಟ್ಟುತ್ತಿದ್ದರು. ಅವಳು ಅತ್ತರೆ ತಾವೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವರು. ಬೇಳೆ ಮಾತ್ರ ಬಿಚ್ಚುತ್ತಿರಲಿಲ್ಲ. "ಇನ್ನೊಂದು ಚೂರು ಕಂದಾ, ಇನ್ನೊಂದು ಚೂರು." ಕ್ಯಾರಿಸ್ ಕಲಿತ ಮೊದಲ ಕನ್ನಡ ಅದೇ.

ನೋವು ತಪ್ಪಿಸುವುದೇ ಆರೈಕೆ ಎಂದುಕೊಂಡು ಬೆಳೆದವಳು ನಾನು. ಮಗಳು ಬಿದ್ದರೆ ಅವಳಿಗಿಂತ ಮೊದಲು ಅಯ್ಯೋ ಎನ್ನುವವಳು. ಪಕ್ಕದಲ್ಲೇ ಕೂತು, ಕೈ ಹಿಡಿದು, ಆ ನೋವನ್ನು ನೋಯುವವಳಿಗೇ ಬಿಡುವುದಕ್ಕೆ ಎಂಥ ಗಟ್ಟಿ ಎದೆ ಬೇಕು ಎಂಬುದನ್ನು ಆ ಬೇಸಿಗೆಯಲ್ಲಿ ಅತ್ತೆಯನ್ನು ನೋಡಿ ತಿಳಿದೆ. ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಮಂಡಿಯ ಕೆಳಗೆ ಕೈ ತೂರಿಸಿ ನೋಡಿದರು.

ತೂರಲಿಲ್ಲ.

ಕಾಲಿಗೆ ಕಟ್ಟಿದ್ದ ಆ ಪ್ಯಾಕೆಟ್ ಒಡೆದು, ಅದೇ ಬೇಳೆಯಲ್ಲಿ ಒಬ್ಬಟ್ಟು ಮಾಡಿದರು. ಕ್ಯಾರಿಸ್ ಅದಕ್ಕೆ ಕೆಚಪ್ ಕೇಳಲಿಲ್ಲ.

ಚಳಿ ಶುರುವಾಗುವ ಮೊದಲು ಅತ್ತೆ ಊರಿಗೆ ಹೋದರು. ಕ್ಯಾರಿಸ್ ನಡೆದಳು, ಸೈಕಲ್ ತುಳಿದಳು, ಮೆಲ್ಲಗೆ ಓಡಿದಳು. ಒಂದು ವಾರ ಮುಂದೆ, ಒಂದು ವಾರ ಹಿಂದೆ.

ಕಳೆದ ಶನಿವಾರ ಅಭ್ಯಾಸ ಪಂದ್ಯದ ಕೊನೆಯಲ್ಲಿ ಅವಳನ್ನು ಕಣಕ್ಕಿಳಿಸಿದರು. ಚೆಂಡು ಹಿಂದಿನಿಂದ ಬಂತು. ಎಡಕ್ಕೆ ತಿರುಗಿದಳು. ನಾನು ಕಣ್ಣು ಮುಚ್ಚಿಕೊಂಡೆ.

"ಅಮ್ಮ, ಲುಕ್!" ಮಗಳು ತಿವಿದಳು. "ಶೀ ಈಸ್ ಫೈನ್!"

ಓಡುತ್ತಿದ್ದಳು. ಅವಳು ಒದ್ದ ಚೆಂಡು ಗೋಲಿನಿಂದ ಎಷ್ಟೋ ಆಚೆ ಹೋಯಿತು. ನಾನು ಎದ್ದುನಿಂತು ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ.

ಸದ್ಯಕ್ಕೆ ಕಾಂಟ್ರ್ಯಾಕ್ಟ್ ಕೊಟ್ಟಿದ್ದಾರೆ. ಕ್ಲಬ್ ಈ ವರ್ಷ ದಾಟುತ್ತದೋ ಇಲ್ಲವೋ ಗೊತ್ತಿಲ್ಲ. ವೇಲ್ಸ್‌ನವರು ಕ್ಯಾಂಪಿಗೆ ಕರೆದಿದ್ದಾರೆ. ತಂಡಕ್ಕೆ ಸೇರಿಸಿಕೊಳ್ಳುತ್ತಾರೆ ಎನ್ನುವ ಹಾಗಿಲ್ಲ. ಕರೆದರಲ್ಲ, ಅಷ್ಟಕ್ಕೇ ನಾನು ದೇವರಿಗೆ ದೀಪ ಹಚ್ಚಿದೆ.

ಆ ಶನಿವಾರ ಮನೆಗೆ ಬಂದವಳೇ ಮೈಸೂರಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. "ಗೋಲು ಹೊಡೀಲಿಲ್ಲ ಅತ್ತೆ."

"ಗೋಲು ಬಿಡು. ಓಡಿದ್ಲಾ?"

"ಓಡಿದ್ಲು."

ಆ ಕಡೆ ಮೂಗೊರೆಸಿಕೊಂಡದ್ದು ಕೇಳಿಸಿತು. "ಹಾಗಾದ್ರೆ ಇವತ್ತೊಂದು ದಿನ ದಿಂಬು ಮಂಡಿ ಕೆಳಗೆ ಇಟ್ಕೊಳ್ಲಿ, ಪಾಪ. ಅಜ್ಜಿ ಹೇಳಿದ್ರು ಅನ್ನು."

ಹೇಳಿದೆ. ಕ್ಯಾರಿಸ್ ನಕ್ಕಳು. ಸೋಫಾದ ಮೇಲೆ ಕಾಲು ಚಾಚಿ, ದಿಂಬನ್ನು ಎಳೆದುಕೊಂಡು, ಹಿಮ್ಮಡಿಯ ಕೆಳಗೆ ಇಟ್ಟುಕೊಂಡಳು.

"ಇನ್ನೊಂದು ಚೂರು, ಅಜ್ಜಿ," ಎಂದಳು ಫೋನಿನತ್ತ ಬಾಗಿ.